ಎರವಲು ಮಂಚದ ಉದ್ಘಾಟನಾ ಮಹೋತ್ಸವ

ಎರ್ಲಿಂಡಾ: ಎಷ್ಟು ಸಲ ಎಣಿಸಿದರೂ ಒಂದೇ ಮಂಚ ಬರ್ತಿದೆಯಲ್ಲ ಸರ್!

ಮೆಂಡೋನ್ಸ: ಎಣಿಸೋದು ಯಾಕೆ ಅಂತೀನಿ! ಕ್ಯಾಮೆರಾ ಎಣಿಸುತ್ತಾ? ಈ ಮೂಲೆಯಿಂದ ಹಿಡಿದರೆ ಒಂದು ಉದ್ದನೆ ಸಾಲಿನ ಮೊದಲನೇ ಮಂಚ ಅನ್ಸುತ್ತೆ.

ಎರ್ಲಿಂಡಾ: ಮಿಕ್ಕ ಸಾಲು?

ಮೆಂಡೋನ್ಸ: ಅದು ನೋಡೋರ ಕಲ್ಪನೆಗೆ ಬಿಟ್ಟಿದ್ದು. ಕಲೆ ಅಂದ್ರೆ ಅದೇ ಕಣಮ್ಮ.

ಸಾಲ್ವಿಯ ಕೌಂಟಿಯ, ಅಂದರೆ ಜಿಲ್ಲೆಯ, ಮಂಡಳಿ ಅಧ್ಯಕ್ಷರಾದ ರಸ್ಟಿ ಮೆಂಡೋನ್ಸ ಸಾಹೇಬರು ಕಲೆಯ ವಿಷಯ ಮಾತಾಡಿದ್ದು ಅದೇ ಮೊದಲು. ಅವರು ಹೈನುಗಾರರ ಮನೆತನದವರು. ಇಷ್ಟು ದಿನ ಹಸುಗಳ ಬಗ್ಗೆ, ಚುನಾವಣೆಯ ಬಗ್ಗೆ ಮಾತ್ರ ಮಾತಾಡುತ್ತಿದ್ದರು. ಎದುರಿಗೆ ನಿಂತಿದ್ದವಳು ಎರ್ಲಿಂಡಾ ಓಚೋವಾ. ಅರ್ಧ ಆಯಸ್ಸು ನರ್ಸ್ ಆಗಿ ದುಡಿದವಳನ್ನು ಕೌಂಟಿಯವರು ಈ ಹೊಸ ವ್ಯಸನಮುಕ್ತಿ ಕೇಂದ್ರದ ನಿರ್ದೇಶಕಿ ಎಂದು ಕೂರಿಸಿದ್ದರು. ಕೂರಿಸಿದ್ದರು ಅನ್ನುವುದೂ ಹೆಚ್ಚಾಯಿತು. ಕುರ್ಚಿ ಅವಳು ಮನೆಯಿಂದ ತಂದದ್ದು. ಕೇಂದ್ರವೆಂದರೆ ಮುಚ್ಚಿಹೋದ ಒಂದು ಸ್ಕೇಟಿಂಗ್ ಹಾಲ್. ನೆಲ ಇನ್ನೂ ಕನ್ನಡಿಯಂತೆ ಜಾರುತ್ತಿತ್ತು. ಛಾವಣಿಯಿಂದ ಚೂರುಗನ್ನಡಿಯ ದೊಡ್ಡ ಗುಂಡು ತೂಗುತ್ತಿತ್ತು; ಅದನ್ನು ಇಳಿಸಲೂ ಹಣ ಮಂಜೂರಾಗಿರಲಿಲ್ಲ. ಇವೆಲ್ಲದರ ನಟ್ಟನಡುವೆ, ಚಕ್ರದ ಕಾಲಿನ ಆ ಏಕಾಂಗಿ ಮಂಚ ಪಟ್ಟಾಭಿಷೇಕಕ್ಕೆ ಕಾದ ಸಿಂಹಾಸನದಂತೆ ಮೆರೆಯುತ್ತಿತ್ತು.

ಎರ್ಲಿಂಡಾ: ಜನ ವೋಟ್ ಹಾಕಿದ್ದು ಕಲೆಗಲ್ಲ ಸರ್. ಡ್ರಗ್ಸ್ ಇಟ್ಕೊಂಡು ಮತ್ತೆ ಮತ್ತೆ ಸಿಕ್ಕಿಬಿದ್ದವನು ಚಿಕಿತ್ಸೆಗೆ ಸೇರ್ಲಿ, ಇಲ್ಲಾ ಜೈಲಿಗೆ ಹೋಗ್ಲಿ, ಅವನೇ ಆರಿಸ್ಕೊಳ್ಳಲಿ ಅಂತ ಕಾನೂನು ಮಾಡಿದ್ರು. ಅವನು ಚಿಕಿತ್ಸೆ ಅಂತಾನೆ, ನನ್ನ ಬಾಗಿಲಿಗೆ ಬರ್ತಾನೆ. ಮಂಚ ಇಲ್ಲ ಹೋಗಪ್ಪ ಅಂತೀನಿ. ಅವನು ಜೈಲಿಗೆ ಹೋಗ್ತಾನೆ. ಇದರಲ್ಲಿ ಆರಿಸ್ಕೊಳ್ಳೋದು ಎಲ್ಲಿ ಬಂತು?

ಮೆಂಡೋನ್ಸ: ಸ್ಯಾಕ್ರಮೆಂಟೊವನ್ನ ಕೇಳಿ. ರಾಜಧಾನಿ ಅದೇ, ರಾಜ್ಯದ ಬಜೆಟ್ ಬರೆಯೋರು ಅಲ್ಲಿದ್ದಾರೆ.

ಎರ್ಲಿಂಡಾ: ಕೇಳ್ದೆ. ವೋಟ್ ಹಾಕಿದವರು ಕಾನೂನು ಬೇಕು ಅಂದ್ರೇ ಹೊರತು ದುಡ್ಡು ಎಲ್ಲಿಂದ ಅಂತ ಹೇಳ್ಲಿಲ್ಲ, ನಿಮ್ಮ ಕೌಂಟಿಯನ್ನ ಕೇಳಿ ಅಂದ್ರು.

ಮೆಂಡೋನ್ಸ: ಕೌಂಟಿ ಅಂದ್ರೆ ನಾನೇ. ನಾನು ಹೇಳ್ತಿದ್ದೀನಲ್ಲ, ಸ್ಯಾಕ್ರಮೆಂಟೊವನ್ನ ಕೇಳಿ.

ಎರ್ಲಿಂಡಾ: ಟೆನಿಸ್ ಚೆಂಡಿಗಾದ್ರೂ ಆಗಾಗ ನೆಟ್‌ಗೆ ಬಿದ್ದು ಸುಧಾರಿಸ್ಕೊಳ್ಳೋ ಭಾಗ್ಯ ಇರುತ್ತೆ.

ಮೆಂಡೋನ್ಸ: ಅದಕ್ಕೇ ಅಲ್ವಾ ಈ ಉತ್ಸವ! ನಮ್ಮ ಕೇಂದ್ರ ನಡೀತಿದೆ ಅಂತ ಟೀವೀಲಿ ಕಂಡ್ರೆ ಸ್ಯಾಕ್ರಮೆಂಟೊದವರು ನಾಚ್ಕೊಂಡು ದುಡ್ಡು ಕಳಿಸ್ತಾರೆ.

ಎರ್ಲಿಂಡಾ: ಹೇಗೂ ನಡೀತಿದೆಯಲ್ಲ, ದುಡ್ಡು ಯಾಕೆ ಅಂದ್ರೆ?

ಮೆಂಡೋನ್ಸ: ನಡೀತಿಲ್ಲ ಅಂತ ತೋರಿಸಿದ್ರೆ, ನಡೀದೇ ಇರೋದಕ್ಕೆ ದುಡ್ಡು ಯಾಕೆ ಅಂತಾರೆ.

ಎರ್ಲಿಂಡಾ: ಹಾಗಾದ್ರೆ ಏನ್ಮಾಡೋದು?

ಮೆಂಡೋನ್ಸ: ಬಾಯಿ ಮುಚ್ಕೊಂಡು ನಗ್ತಾ ನಿಂತ್ಕೊಳ್ಳೋದು. ಅಯ್ಯೋ, ಮುಟ್ಟಬೇಡಿ, ಪ್ಲಾಸ್ಟಿಕ್ ಮುಟ್ಟಬೇಡಿ!

ಎರ್ಲಿಂಡಾ ಹಾಸಿಗೆಯ ಮೇಲಿಟ್ಟಿದ್ದ ಕೈಯನ್ನು ಒಲೆಯ ಮೇಲಿಂದ ತೆಗೆದಂತೆ ತೆಗೆದಳು.

ಮೆಂಡೋನ್ಸ: ಫರ್ನಿಚರ್ ಅಂಗಡಿಯವನು ಸಂಜೆತನಕ ಎರವಲು ಕೊಟ್ಟಿದ್ದಾನೆ. ಹಾಸಿಗೆಯ ಪ್ಲಾಸ್ಟಿಕ್ ಹರಿದ್ರೆ ಮಾರಾಟ ಆದ ಹಾಗೆ, ಬಿಲ್ಲು ನನ್ನ ತಲೆಗೆ.

ಎರ್ಲಿಂಡಾ: ಈ ಸೆಕೆಯಲ್ಲಿ ಪ್ಲಾಸ್ಟಿಕ್ ಮೇಲೆ ಪೇಷೆಂಟ್ ಮಲಗೋದಾ?

ಮೆಂಡೋನ್ಸ: ಪೇಷೆಂಟ್ ಎಲ್ಲಿಂದ ಬಂದ? ನಟ ಬರ್ತಿದ್ದಾನೆ. ನಮ್ಮೂರ ನಾಟಕ ಸಂಘದವನು. ನಾನೂ ಮುಖ ನೋಡಿಲ್ಲ, ಫೋನಲ್ಲೇ ಗೊತ್ತು ಮಾಡಿದ್ದು. ಪ್ರತಿ ನಾಟಕದಲ್ಲೂ ಸಾಯೋ ಪಾತ್ರ ಅವನದೇ ಅಂತೆ. ಅಂಥವನಿಗೆ ಒಂದು ಗಳಿಗೆ ಕಾಯಿಲೆ ಬೀಳೋದು ಯಾವ ಮಹಾ?

ಅಷ್ಟರಲ್ಲಿ ಬಾಗಿಲು ತೆರೆಯಿತು. ಬಾದಾಮಿ ತೋಟಗಳ ಧೂಳಿನ ಜೊತೆಗೆ ಬಿಸಿಗಾಳಿ ಒಳಗೆ ನುಗ್ಗಿತು, ಅದರ ಹಿಂದೆ ಒಬ್ಬ ಮನುಷ್ಯ. ಇಸ್ತ್ರಿ ಮಾಡಿದ ಶರ್ಟು, ಯಾರದೋ ಟೈ, ಕಂಕುಳಲ್ಲಿ ಬಟ್ಟೆ ತುಂಬಿದ ಕಾಗದದ ಚೀಲ.

ಡ್ವೇನ್: ಇಲ್ಲೇನಾ ಪೇಷೆಂಟ್‌ಗಳನ್ನ ಸೇರಿಸ್ಕೊಳ್ಳೋದು? ನಾನು ಡ್ವೇನ್ ಲೆಡ್‌ಬೆಟರ್ ಅಂತ.

ಎರ್ಲಿಂಡಾಳ ನಾಲಿಗೆ ತನ್ನ ಎಂದಿನ ವಾಕ್ಯಕ್ಕೆ ಸಜ್ಜಾಗಿತ್ತು. ಸಾಹೇಬರು ಅದಕ್ಕಿಂತ ಚುರುಕು.

ಮೆಂಡೋನ್ಸ: ಬಾರಪ್ಪಾ, ಬಾ! ನಿನಗೇ ಕಾಯ್ತಿದ್ದೆ!

ಡ್ವೇನ್: ನನಗಾ?

ಮೆಂಡೋನ್ಸ: ಮತ್ತಿನ್ಯಾರಿಗೆ? ನೋಡು, ಮಂಚ ತಯಾರು.

ಡ್ವೇನ್: ಮಂಚ... ನಿಜವಾಗ್ಲೂ ಇದೆಯಾ ಸರ್? ಸುತ್ತಮುತ್ತಲಿನ ಕೌಂಟಿಯೆಲ್ಲ ಕೇಳ್ದೆ, ಎಲ್ಲಾ ಕಡೆ ಇಲ್ಲ ಅಂದ್ರು. ಇವತ್ತು ಕೋರ್ಟ್ ಮುಗಿಯೋದರೊಳಗೆ ಸಿಗದಿದ್ರೆ ಜೈಲೇ ಗತಿ ಅಂತ ಜಡ್ಜಮ್ಮ ಹೇಳಿದ್ದಾರೆ.

ಮೆಂಡೋನ್ಸ: ಕೇಳಿದ್ರಾ ಎರ್ಲಿಂಡಾ? ಬಾಗಿಲಲ್ಲೇ ಪಾತ್ರದೊಳಕ್ಕೆ ಇಳಿದುಬಿಟ್ಟ!

ಡ್ವೇನ್: ಬೆನ್ನು ಮುರ್ಕೊಂಡಾಗ ಶುರುವಾಗಿದ್ದು ಸರ್. ಮೊದಲು ಆಸ್ಪತ್ರೆ ಮಾತ್ರೆ, ಆಮೇಲೆ ಬೀದಿ ಮಾತ್ರೆ. ಮಗಳಿಗೆ, ಈ ಸಲ ಬಿಟ್ಟೇಬಿಡ್ತೀನಿ ಕಣೇ ಅಂತ ಮಾತು ಕೊಟ್ಟಿದ್ದೀನಿ...

ಮೆಂಡೋನ್ಸ: ಆಹಾ, ಮಗಳನ್ನ ಬೇರೆ ಸೇರಿಸ್ಕೊಂಡಿದ್ದಾನೆ! ಕೈ ನಡುಗೋದು ನೋಡಿ! ಈ ಬೆವರು ಏನಪ್ಪಾ, ನೀರು ಚಿಮುಕಿಸ್ಕೊಂಡ್ಯಾ?

ಡ್ವೇನ್: ಇಲ್ಲ ಸರ್, ನಿನ್ನೆಯಿಂದ ಹೀಗೇ.

ಮೆಂಡೋನ್ಸ: ನಿನ್ನೆಯಿಂದಲೇ ಅಭ್ಯಾಸ! ಇದಪ್ಪಾ ಶ್ರದ್ಧೆ ಅಂದ್ರೆ!

ಅಂಥ ನಡುಕ ಎರ್ಲಿಂಡಾಗೆ ಚೆನ್ನಾಗಿ ಗೊತ್ತು. ಯಾವ ನಾಟಕ ಸಂಘವೂ ಅದನ್ನು ಕಲಿಸಲಾರದು.

ಎರ್ಲಿಂಡಾ: ಸರ್, ಇವರು...

ಮೆಂಡೋನ್ಸ: ಉಶ್! ಪಾತ್ರದಲ್ಲಿರೋನಿಗೆ ಅಡ್ಡ ಬಾಯಿ ಹಾಕಬಾರದು.

ಅವಳು ಡ್ವೇನ್‌ನನ್ನು ನೋಡಿದಳು. ಸ್ಥಳೀಯ ಚಾನೆಲ್ಲಿನ ಕ್ಯಾಮೆರಾದವನು ಮುಕ್ಕಾಲಿ ಸ್ಟ್ಯಾಂಡು ಹೂಡುತ್ತಿದ್ದ, ಅವನನ್ನೂ ನೋಡಿದಳು. ಇಷ್ಟು ತಿಂಗಳು "ಮಂಚ ಇಲ್ಲ" ಅಂದೂ ಅಂದೂ ಸವೆದ ಬಾಯಿಯಿಂದ ಇವತ್ತಾದರೂ ಒಂದು ಉಪಕಾರವಾಗಲಿ ಎಂದು ಅದನ್ನು ಮುಚ್ಚಿದಳು.

ಮೆಂಡೋನ್ಸ: ಏನು ಹೇಳಕ್ಕೆ ಹೊರಟಿದ್ರಿ?

ಎರ್ಲಿಂಡಾ: ಏನಿಲ್ಲ ಸರ್. ನೀವು ಹೇಳಿದ ಹಾಗೆ ನಗ್ತಾ ನಿಂತಿದ್ದೀನಿ.

ಡ್ವೇನ್ ಮಲಗಿದ. ಪ್ಲಾಸ್ಟಿಕ್ ಚರಚರ ಅಂದಿತು. ಮೇಲಿನ ಕನ್ನಡಿಗುಂಡಿನ ಬೆಳಕು ಅದರ ಮೇಲೆ ಬಿದ್ದು ಕಣ್ಣಿಗೆ ಚುಚ್ಚಿತು.

ಕ್ಯಾಮೆರಾದವನು: ಮೇಡಂ, ಪ್ಲಾಸ್ಟಿಕ್ ಹೊಳೀತಿದೆ, ಮಂಚಾನೇ ಕಾಣಲ್ಲ.

ಸಾಹೇಬರು ಗೋಡೆಯ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುವುದರಲ್ಲಿ ಮಗ್ನರಾಗಿದ್ದರು. ಉದ್ಘಾಟನೆಯ ರಿಬ್ಬನ್ ಕತ್ತರಿಸಲು ತಂದಿದ್ದ ಕತ್ತರಿ ಪಕ್ಕದಲ್ಲೇ ಇತ್ತು; ಆಳುದ್ದದ ಕತ್ತರಿ, ರಾಕ್ಷಸರು ಉಗುರು ತೆಗೆಯಲು ಬಳಸುವಂಥದ್ದು. ಎರ್ಲಿಂಡಾ ಡ್ವೇನ್‌ನನ್ನು ಅಂಚಿಗೆ ಸರಿಸಿ, ಅದನ್ನು ಎರಡೂ ಕೈಯಲ್ಲಿ ಎತ್ತಿ, ಹಾಸಿಗೆಯ ತಲೆಯಿಂದ ಬುಡದವರೆಗೆ ಸರ್ರನೆ ಓಡಿಸಿ, ಪ್ಲಾಸ್ಟಿಕ್ ಅನ್ನು ನೆಲಕ್ಕೆ ಎಳೆದುಹಾಕಿದಳು. ಆ ಸದ್ದಿಗೆ ಸಾಹೇಬರು ತಿರುಗಿದರು, ಬಾಯಿ ತೆರೆದರು. ಆದರೆ ಕ್ಯಾಮೆರಾದ ಕೆಂಪು ದೀಪ ಹತ್ತಿಬಿಟ್ಟಿತ್ತು. ಕೆಂಪು ದೀಪ ಕಂಡಾಗ ಅವರ ಬಾಯಿಂದ ಭಾಷಣವಲ್ಲದೆ ಬೇರೇನೂ ಬಂದ ಇತಿಹಾಸವಿಲ್ಲ.

ಮೆಂಡೋನ್ಸ: ಸಾಲ್ವಿಯದ ಮಹಾಜನಗಳೇ! ನೀವು ವೋಟ್ ಹಾಕಿದಿರಿ, ನಾನು ಮಂಚ ಹಾಕಿದೆ!

ಡ್ವೇನ್‌ನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಮಲಗಿದಲ್ಲೇ ಎತ್ತಿ ಕೇಳಿದ.

ಡ್ವೇನ್: ಸರ್, ಕೋರ್ಟಿಂದ. ನಾನು ಇಲ್ಲಿಗೆ ಬಂದಿರೋದನ್ನ ನಮ್ಮ ಲಾಯರ್ ಅಲ್ಲಿ ಹೇಳಿದ್ರಂತೆ. ಜವಾಬ್ದಾರಿ ಇರೋರು ಯಾರಾದ್ರೂ ಮಾತಾಡ್ಬೇಕಂತೆ.

ಸಾಹೇಬರ ಕಣ್ಣು ಹೊಳೆಯಿತು. ಎಂಥಾ ನಟ! ಫೋನ್ ಸಮೇತ ದೃಶ್ಯ ಕಟ್ಟಿಕೊಂಡು ಬಂದಿದ್ದಾನೆ! ಕಸಿದುಕೊಂಡು, ಊರಿಗೆಲ್ಲ ಕೇಳಲಿ ಎಂದು ಸ್ಪೀಕರ್ ಹಾಕಿದರು.

ಫೋನಿನ ದನಿ: ನಾನು ಜಡ್ಜ್ ಹಗೋಪಿಯನ್. ಲೆಡ್‌ಬೆಟರ್‌ಗೆ ಮಂಚ ಸಿಕ್ಕಿದ್ದು ನಿಜವಾ?

ಮೆಂಡೋನ್ಸ (ಫೋನಿಗೆ ಕೈ ಅಡ್ಡ ಹಿಡಿದು, ಪಿಸುಗುಟ್ಟುತ್ತಾ): ಎರ್ಲಿಂಡಾ, ಏನು ಅನುಕರಣೆ ರೀ! ಥೇಟ್ ಆಯಮ್ಮಂದೇ ಗಂಟಲು, ಬೆಳಿಗ್ಗೆ ಬೆಳಿಗ್ಗೆ ಮೊಳೆ ನುಂಗಿದ ಹಾಗೆ! (ಫೋನಿಗೆ) ನಿಜ ಜಡ್ಜಮ್ಮಾ, ಸೂರ್ಯ ಚಂದ್ರರಷ್ಟೇ ನಿಜ!

ದನಿ: ಮೊಳೆ ವಿಷಯ ಆಮೇಲೆ ಮಾತಾಡೋಣ. ರಾಜ್ಯದಿಂದ ದುಡ್ಡು ಬಂದಿಲ್ಲವಲ್ಲ, ಖರ್ಚು ಯಾರದು?

ಮೆಂಡೋನ್ಸ: ಸ್ಯಾಕ್ರಮೆಂಟೊ ಕೈಬಿಟ್ಟರೂ ಮೆಂಡೋನ್ಸ ಕೈಬಿಡಲ್ಲ! ಖರ್ಚು ಕೌಂಟಿಯದು. ಸಾಲದಿದ್ರೆ ನನ್ನ ಜೇಬಿದೆ. ಗುಣವಾಗಿ ಎದ್ದು ನಡೆಯೋವರೆಗೂ ಈ ಮಂಚ ಈತನದೇ!

ದನಿ: ನಾನು ಟೀವಿ ನೋಡ್ತಿದ್ದೀನಿ. ನೇರ ಪ್ರಸಾರ ಅಂತ ಗೊತ್ತು ತಾನೇ?

ಮೆಂಡೋನ್ಸ: ಬೇಕಾದ್ರೆ ಇನ್ನೂ ಜೋರಾಗಿ ಹೇಳ್ತೀನಿ!

ದನಿ: ಬೇಡ. ಇಷ್ಟು ಸಾಕು, ದಾಖಲಾಯ್ತು.

ಕೆಂಪು ದೀಪ ಆರಿತು. ಕ್ಯಾಮೆರಾದವನು ಸಾಮಾನು ಕಟ್ಟಿಕೊಂಡು ಹೊರಟ. ಸಾಹೇಬರು ಯುದ್ಧ ಗೆದ್ದ ದಂಡನಾಯಕನಂತೆ ಬೆವರೊರೆಸಿಕೊಂಡರು.

ಮೆಂಡೋನ್ಸ: ಏಳಪ್ಪಾ, ಮುಗೀತು. ನೀನು ದೊಡ್ಡ ನಟ ಆಗ್ತೀಯ.

ಡ್ವೇನ್: ಏಳ್ಬೇಕಾ? ಗುಣ ಆಗೋವರೆಗೂ ಅಂದ್ರಲ್ಲ ಸರ್?

ಮೆಂಡೋನ್ಸ: ಹ್ಹ ಹ್ಹ! ಇನ್ನೂ ಪಾತ್ರದಿಂದ ಹೊರಗೇ ಬಂದಿಲ್ಲ!

ಆಗ ಮತ್ತೆ ಬಾಗಿಲು ತೆರೆಯಿತು. ತಲೆಗೆ ದೊಡ್ಡ ಬ್ಯಾಂಡೇಜು, ಬ್ಯಾಂಡೇಜಿನ ಮೇಲೆ ಟೊಮೆಟೊ ಸಾಸು, ಕುಂಟು ನಡಿಗೆ. ಒಬ್ಬ ದಪ್ಪನೆಯ ಹಿರಿಯರು ಒಳಗೆ ಬಂದವರೇ ನೆಲದ ಮೇಲೆ ಜಾರಿ, ಕೈಕಾಲು ಬೀಸುತ್ತಾ ಸೀದಾ ಮಂಚದವರೆಗೂ ಬಂದು ನಿಂತರು.

ವರ್ಜಿಲ್: ನಾಟಕ ಸಂಘದ ವರ್ಜಿಲ್ ಟಾಪ್. ದಾರೀಲಿ ಟ್ರಾಕ್ಟರ್ ಅಡ್ಡ ಬಂತು, ತಡವಾಯ್ತು. ಎಲ್ಲಿ ನರಳಲಿ?

ಸಾಹೇಬರು ಸಾಸಿನ ಬ್ಯಾಂಡೇಜನ್ನು ನೋಡಿದರು, ಮಂಚದಲ್ಲಿದ್ದವನನ್ನು ನೋಡಿದರು. ಮೇಲೆ ಕನ್ನಡಿಗುಂಡು ಮೆಲ್ಲನೆ ತಿರುಗುತ್ತಿತ್ತು.

ಮೆಂಡೋನ್ಸ: ನಟ ನೀವಾದ್ರೆ... ಇವನು ಯಾರು?

ಎರ್ಲಿಂಡಾ: ಪೇಷೆಂಟ್.

ಮೆಂಡೋನ್ಸ: ಮತ್ತೆ ಫೋನಲ್ಲಿ ಜಡ್ಜಮ್ಮನ ಅನುಕರಣೆ ಮಾಡಿದ್ದು?

ಎರ್ಲಿಂಡಾ: ಜಡ್ಜಮ್ಮಾನೇ. ಥೇಟ್ ಅವರ ಹಾಗೇ ಮಾತಾಡಿದ್ರು ಅಲ್ವಾ ಸರ್?

ಮೆಂಡೋನ್ಸ: ಮೊಳೆ ನುಂಗಿದ ಹಾಗೆ ಅಂದ್ನಲ್ರೀ! ನಿಮಗೆ ಗೊತ್ತಿದ್ದೂ ಹೇಳಬಾರದಿತ್ತಾ?

ಎರ್ಲಿಂಡಾ: ಹೇಳಕ್ಕೆ ಬಂದೆ. ಅಡ್ಡ ಬಾಯಿ ಹಾಕಬಾರದು ಅಂದ್ರಿ.

ಮೆಂಡೋನ್ಸ: ಸಂಜೆ ಮಂಚ ವಾಪಸ್ ಕೊಡ್ಬೇಕು!

ಎರ್ಲಿಂಡಾ ನೆಲದ ಮೇಲೆ ಹಾವಿನ ಪೊರೆಯಂತೆ ಬಿದ್ದಿದ್ದ ಪ್ಲಾಸ್ಟಿಕ್ ಅನ್ನು ಎತ್ತಿ, ನೀಟಾಗಿ ಮಡಚಿ, ಸಾಹೇಬರ ಕೈಗಿಟ್ಟಳು.

ಎರ್ಲಿಂಡಾ: ಇದನ್ನ ವಾಪಸ್ ಕೊಡಬಹುದು.

ಮೆಂಡೋನ್ಸ: ಡಾಕ್ಟರು? ಔಷಧಿ? ಇವನ ಊಟ?

ಎರ್ಲಿಂಡಾ: ಅದೆಲ್ಲ ನಿಮ್ಮ ಜೇಬಲ್ಲಿದೆ ಅಂತ ಈಗ ತಾನೇ ಊರೆಲ್ಲ ಕೇಳಿಸ್ಕೊಂಡಿದೆ.

ಡ್ವೇನ್‌ಗೆ ಈ ಜಗಳದ ತಲೆಬುಡ ತಿಳಿಯಲಿಲ್ಲ. ತಿಳಿದದ್ದು ಒಂದೇ: ಯಾರೂ ತನ್ನನ್ನು ಎಬ್ಬಿಸುತ್ತಿಲ್ಲ. ಕಾಗದದ ಚೀಲವನ್ನು ತಲೆಯಡಿಗೆ ಇಟ್ಟುಕೊಂಡು ಗೋಡೆಯ ಕಡೆ ಹೊರಳಿದ. ಆ ಸೆಕೆಯಲ್ಲೂ ಅವನಿಗೆ ಚಳಿ ಹತ್ತಿತ್ತು. ಎರ್ಲಿಂಡಾ ತನ್ನ ಸ್ವೆಟರ್ ತಂದು ಹೊದಿಸಿದಳು. ಅಷ್ಟರಲ್ಲಿ ಅವಳ ಮೇಜಿನ ಫೋನ್ ಹೊಡೆದುಕೊಂಡಿತು. ಎತ್ತಿದಳು, ಕೇಳಿದಳು, ಕೈ ಅಡ್ಡ ಹಿಡಿದು ತಿರುಗಿದಳು.

ಎರ್ಲಿಂಡಾ: ಸರ್, ಜಡ್ಜಮ್ಮ. ಟೀವೀಲಿ ಉದ್ದನೆ ಸಾಲಿನ ಮೊದಲನೇ ಮಂಚ ಕಾಣಿಸ್ತಂತೆ. ಮಿಕ್ಕ ಸಾಲಿಗೆ ಕೋರ್ಟಲ್ಲಿ ಜನ ಕೂತಿದ್ದಾರಂತೆ. ಕಳಿಸಲಾ ಅಂತ ಕೇಳ್ತಿದ್ದಾರೆ.

ಸಾಹೇಬರ ಮುಖ ಮಜ್ಜಿಗೆಯಂತೆ ಬಿಳುಪೇರಿತು. ಮಂಚದ ಅಂಚನ್ನು ಹಿಡಿದುಕೊಂಡರು. ಸಾಹೇಬರನ್ನು ವರ್ಜಿಲ್ ಟಾಪ್ ಬಹಳ ಆಸಕ್ತಿಯಿಂದ ಗಮನಿಸುತ್ತಿದ್ದರು; ಮುಂದಿನ ನಾಟಕಕ್ಕೆ ಬೇಕಾಗಬಹುದು.

ಮೆಂಡೋನ್ಸ: ಎರ್ಲಿಂಡಾ... ನನಗ್ಯಾಕೋ ತಲೆ ಸುತ್ತುತ್ತಿದೆ. ಒಂಚೂರು ಎಲ್ಲಾದ್ರೂ ಮಲಗಬೇಕು.

ಎರ್ಲಿಂಡಾ: ಮಂಚ ಖಾಲಿ ಇಲ್ಲ ಸರ್. ಸ್ಯಾಕ್ರಮೆಂಟೊವನ್ನ ಕೇಳಿ.