ಲೋಕನಾಥರು ಕುರಿಮರಿ ತೂಗಿದ್ದು

ಪಕ್ಕದ ಮನೆಯ ಮಾನಪ್ಪನವರು ತೂಕದ ಕೊಕ್ಕೆಗೆ ತುಂಬಿದ ಗ್ಯಾಸ್ ಸಿಲಿಂಡರನ್ನು ನೇತುಹಾಕದೇ ಇದ್ದಿದ್ದರೆ ಲೋಕನಾಥರ ಆ ಭಾನುವಾರ ಇಷ್ಟು ಕೆಡುತ್ತಿರಲಿಲ್ಲ.

ಕೊಕ್ಕೆ ಲೋಕನಾಥರ ಮಗಳು ದಿಶಾಳದ್ದು. ಅವಳು ಪಶುವೈದ್ಯ ಕಾಲೇಜಿನಲ್ಲಿ ಸ್ನಾತಕೋತ್ತರ ಓದುತ್ತಿದ್ದಳು. ಕುರಿಮರಿಯ ಎಳವೆಯ ಬೆಳವಣಿಗೆಯಲ್ಲಿ ಅಪ್ಪನ ರಕ್ತದ ಪಾಲೆಷ್ಟು, ಅಮ್ಮನ ಹಾಲು–ಆರೈಕೆಯ ಪಾಲೆಷ್ಟು ಎಂಬುದು ಅವಳ ಸಂಶೋಧನೆ.

"ಅದಕ್ಕೆ ಕುರಿ ಯಾಕೆ? ನಿನ್ನನ್ನು ನೋಡಿದ್ರೆ ಸಾಕಲ್ಲ. ಮೂಗು ಅಪ್ಪಂದು, ಬುದ್ಧಿ ನಂದು" ಎನ್ನುತ್ತಿದ್ದರು ತಾಯಿ ನಳಿನಾಕ್ಷಿ.

ಬದಲಾಪುರದಾಚೆ ಗುಡ್ಡದ ಬುಡದಲ್ಲಿ ಹಣಮಂತ್ರಾಯ ಎಂಬ ಬಾಗಲಕೋಟೆ ಕಡೆಯವನ ಕುರಿಹಟ್ಟಿ. ಅಲ್ಲಿನ ಮರಿಗಳಿಗೆ ಆ ಭಾನುವಾರ ಒಂದು ತಿಂಗಳು ತುಂಬುತ್ತಿತ್ತು, ಅಂದೇ ತೂಗಬೇಕು. ಹಿಂದಿನ ದಿನವೇ ದಿಶಾ ಖಾರಘರ ಸ್ಟೇಷನ್ನಿನ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಳು.

"ಈ ತೂಕ ಮಿಸ್ ಆದ್ರೆ ಪೂರಾ ಸಾಲ್, ಇಡೀ ವರ್ಷ ವೇಸ್ಟ್, ಪಪ್ಪಾ" ಎಂದು ಅತ್ತಳು.

ಬೇಲಾಪುರದ ಆಫೀಸೊಂದರಲ್ಲಿ ಹೆಡ್ ಕ್ಲಾರ್ಕ್ ಆಗಿದ್ದ ಲೋಕನಾಥರು ಫೈಲಿಗಿಂತ ಭಾರವಾದದ್ದನ್ನು ಎತ್ತಿದವರಲ್ಲ. ಆದರೂ, "ಅಳ್ಬೇಡ ಮಾರಾಯ್ತಿ, ನಾನು ಹೋಗ್ತೇನೆ" ಎಂದುಬಿಟ್ಟರು.

ಬೆಳಿಗ್ಗೆ ಹೊರಡುವ ಹೊತ್ತಿಗೆ ಮಾನಪ್ಪನವರು ಒಳಗೆ ಬಂದರು. ಕರೆಯದೆ ಬರುವುದರಲ್ಲಿ ಅವರಿಗೂ ಸೊಳ್ಳೆಗೂ ವ್ಯತ್ಯಾಸವಿರಲಿಲ್ಲ. "ತೂಕದ ಕಾಟಾ ಖರೇ ಹೇಳ್ತದೋ ಇಲ್ಲೋ, ಮೊದಲ ಚೆಕ್ ಮಾಡ್ರೀ" ಎನ್ನುತ್ತ ಸಿಲಿಂಡರ್ ಎತ್ತಿ ಸಿಕ್ಕಿಸಿದರು. ಠಣ್ ಎಂದಿತು. ಸ್ಪ್ರಿಂಗು ಜಿಲೇಬಿಯ ಹಾಗೆ ಸುರುಳಿ ಬಿಚ್ಚಿಕೊಂಡು ನೆಲಕ್ಕೆ ಬಿತ್ತು.

ನಾಚಿಕೆಗೆಟ್ಟ ಗಂಡನ ಪರವಾಗಿ ನಾಚಿಕೊಂಡವರು ಅವರ ಹೆಂಡತಿ ಸ್ವರ್ಣಲತಾ. ತಮ್ಮ ಮನೆಯ ತೂಕದ ಮಶೀನನ್ನು ಟವೆಲಿನಲ್ಲಿ ಸುತ್ತಿ ತಂದರು. "ಮರಿ ಎತ್ಕೊಂಡು ಇದರ ಮ್ಯಾಲೆ ನಿಂದರ್ರಿ ಅಣ್ಣಾರ. ಬಂದದ್ರಾಗ ನಿಮ್ಮ ತೂಕಾ ಕಳೀರಿ, ಮುಗೀತು. ಊರಿಗೆ ಹೋಗೂ ಮುಂದ ನಾವು ಬ್ಯಾಗ್ ಹಂಗೇ ತೂಗತೀವಿ."

ಮುಳ್ಳು ಒಂದರ್ಧ ಕಿಲೋ ಆಚೀಚೆ ಆಗಬಹುದು ಎಂದು ದಿಶಾ ಗೊಣಗಿದಳು. ಏನೂ ಇಲ್ಲದ್ದಕ್ಕಿಂತ ವಾಸಿ ಎಂದು ಒಪ್ಪಿದಳು. ಪ್ರಾಯಶ್ಚಿತ್ತಕ್ಕೆಂದು ಮಾನಪ್ಪನವರೂ ಹೊರಟರು. ಠಾಣೆಯ ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಬದಲಾಪುರದ ಲೋಕಲ್ ಗಾಡಿ ಕಾಯುತ್ತ ಅವರು ಮಶೀನನ್ನು ಕೆಳಗಿಟ್ಟದ್ದೇ ತಡ, ಒಬ್ಬ ಅಜ್ಜಿ ಅದರ ಮೇಲೆ ಹತ್ತಿ ತೂಕ ನೋಡಿಕೊಂಡು ಲೋಕನಾಥರ ಕೈಗೆ ನಾಣ್ಯ ಹಾಕಿ ಹೋದಳು.

ಹಟ್ಟಿಯಲ್ಲಿ ಹಾಸುಗಲ್ಲಿನ ಮೇಲೆ ಮಶೀನು ಇಟ್ಟು ಲೋಕನಾಥರು ಮೊದಲು ಬರಿಗೈಯಲ್ಲಿ ಹತ್ತಿದರು. ಕಣ್ಣುಜ್ಜಿಕೊಂಡರು. ಇಳಿದು ಮತ್ತೆ ಹತ್ತಿದರು.

"ಮಾನಪ್ಪನವ್ರೇ! ಡಾಕ್ಟ್ರಲ್ಲಿ ತೂಗಿದ್ದಕ್ಕಿಂತ ಐದು ಕಿಲೋ ಇಳಿದಿದ್ದೇನೆ ಮಾರಾಯ್ರೆ!"

ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿದೆ ಎಂದು ಡಾಕ್ಟರು ಹೆದರಿಸಿದಂದಿನಿಂದ ನಳಿನಾಕ್ಷಿ ಅವರ ಬಾಯಿ ಕಟ್ಟಿದ್ದರು. ಆ ತಪಸ್ಸು ಫಲಿಸಿತ್ತು!

ಹುರುಪಿನಿಂದ ತೂಕ ಶುರುವಾಯಿತು. ಮೊದಲ ಮರಿ ಅವರ ಮೀಸೆಗೆ ಸೀನಿತು. ಎರಡನೆಯದು ಅಂಗಿ ಒದ್ದೆ ಮಾಡಿತು. ಮೂರನೆಯದರ ತಾಯಿ ಹಿಂದಿನಿಂದ ಬಂದು ಕೊಟ್ಟ ಗುದ್ದಿಗೆ ಲೋಕನಾಥರು ಮಶೀನಿನಿಂದ ನೇರವಾಗಿ ಮಾನಪ್ಪನವರ ತೆಕ್ಕೆಗೆ ಬಿದ್ದರು. ಹೇಗೋ ಮಧ್ಯಾಹ್ನಕ್ಕೆ ಅರ್ಧ ಮುಗಿಯಿತು.

"ಮರಿ ಹೆಂಗ ಅದಾವ ನೋಡ್ರೀ. ಎಲ್ಲಾ ನಮ್ಮ ಟಗರಿನ ರಕ್ತದ ಗುಣಾ" ಎಂದ ಹಣಮಂತ್ರಾಯ.

ರೊಟ್ಟಿ ತಟ್ಟುತ್ತಿದ್ದ ಅವನ ಹೆಂಡತಿ ತಿರುಗಿ ನೋಡಿದಳು. "ಹಗಲೂ ರಾತ್ರಿ ಹಾಲು ಕುಡಿಸಾಕಿ ತಾಯಿ, ಹೆಸರು ಟಗರಿಗೆ! ನಮ್ಮ ಮನ್ಯಾಗೂ ಹಂಗೇ ಐತಿ."

ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ. ಐದು ಕಿಲೋ ಇಳಿದವನಿಗೆ ಒಂದು ಹೋಳಿಗೆಯಿಂದ ಎಂತ ಆಗ್ತದೆ ಎಂದುಕೊಂಡು ಲೋಕನಾಥರು ಕೈಹಾಕಿದರು. ಊರ ಕಡೆಯ ಭಾಷೆಯವರು ಬಂದಿದ್ದಾರೆಂದು ಅಕ್ಕಪಕ್ಕದ ಗುಡಿಸಲುಗಳಿಂದ ಮೊಸರು ಬಂತು, ಚೊಂಬುಗಟ್ಟಲೆ ಮಜ್ಜಿಗೆ ಬಂತು. ಬೇಡ ಎಂದವರ ಮಾತನ್ನು ಅಲ್ಲಿ ಯಾರೂ ಕೇಳುವವರಲ್ಲ. ಲೋಕನಾಥರು ಬೇಡ ಎನ್ನಲೂ ಇಲ್ಲ. ಎದ್ದಾಗ ಹೊಟ್ಟೆ ಡೊಳ್ಳಿನಂತಾಗಿತ್ತು.

ಊಟದ ನಂತರದ ಮರಿಗಳು ಪವಾಡ ಮಾಡಿದವು. ಒಂದೊಂದೂ ಬೆಳಗಿನವಕ್ಕಿಂತ ಬಹಳ ಭಾರ. ಲೋಕನಾಥರು ಫೋನಿನಲ್ಲಿ ಹೇಳುತ್ತ ಹೋದಂತೆ ದಿಶಾ ಕಿರುಚಿದಳು: "ಕಾಯ್ ಸಾಂಗ್ತೋಸ್ ಪಪ್ಪಾ, ಏನು ಹೇಳ್ತಿದ್ದೀರಿ! ಅವೆಲ್ಲ ಮೊದಲ ಸಲ ಈದ ತಾಯಿಯರ ಮರಿಗಳು. ಸಣ್ಣ ಇರ್ಬೇಕಿತ್ತು!"

ಟಗರಿನದೇ ಮಹಿಮೆ ಎಂದ ಹಣಮಂತ್ರಾಯ. ತಾಯಂದಿರದ್ದು ಎಂದಳು ಹೆಂಡತಿ. ಬದಲಾಪುರದ ನೀರಿನದು ಎಂದು ಮಾನಪ್ಪನವರು ಮೂರನೆಯ ಪಕ್ಷ ಕಟ್ಟಿದರು. ಜಗಳ ಬಲಿಯುತ್ತಿರುವಾಗ ದಿಶಾಳ ದನಿ ತಣ್ಣಗಾಯಿತು.

"ಪಪ್ಪಾ, ಜೇವ್ಲಾಸ್ ಕಾ? ಊಟ ಆಯ್ತಾ?"

"ಹೂಂ… ಸ್ವಲ್ಪ."

"ಊಟ ಆದ್ಮೇಲೆ ನಿಮ್ಮ ತೂಕ ಮತ್ತೆ ನೋಡಿದ್ರಾ?"

ಲೋಕನಾಥರು ಮೆಲ್ಲಗೆ ಮಶೀನು ಹತ್ತಿದರು. ಮುಳ್ಳು ಬೆಳಗಿನ ಜಾಗದಿಂದ ಎರಡು ಕಿಲೋ ಮುಂದೆ ಹೋಗಿ ನಿಂತಿತು. ಅವರು ತಿಂದ ಹೋಳಿಗೆಯೆಲ್ಲ ಕುರಿಮರಿಗಳ ಲೆಕ್ಕಕ್ಕೆ ಜಮೆಯಾಗಿತ್ತು.

ಹಿಡಿದ ಮರಿಗಳನ್ನೇ ಮತ್ತೆ ಹಿಡಿಯಬೇಕಾಯಿತು. ಒಂದು ಮರಿ, ಒಮ್ಮೆ ತಾವು. ಇನ್ನೊಂದು ಮರಿ, ಇನ್ನೊಮ್ಮೆ ತಾವು. ಬಿಸಿಲು ಗುಡ್ಡದಾಚೆ ಇಳಿಯಿತು. ಕೊನೆಗೆ ಉಳಿದದ್ದು ಅವಳಿಯಲ್ಲಿ ಒಂದು ಸತ್ತು, ಬದುಕಿಕೊಂಡ ಇನ್ನೊಂದು ಕಂದು ಮರಿ. ಅದರ ತಾಯಿ ಹಟ್ಟಿಯ ಕುರಿಗಳಲ್ಲೆಲ್ಲ ಕುಳ್ಳಿ. ಅದು ಗುದ್ದಲಿಲ್ಲ, ಮರಿ ಕೆಳಗಿಳಿಯುವವರೆಗೂ ಲೋಕನಾಥರ ಮಂಡಿಗೆ ಮೂತಿ ಒತ್ತಿಕೊಂಡು ನಿಂತಿತು. ತೂಕ ನೋಡಿದರೆ ಒಂಟಿ ಹುಟ್ಟಿದ ಮರಿಗಳಿಗೆ ಸಮ.

ಫೋನಿನಲ್ಲಿ ದಿಶಾ ಆ ಅಂಕಿಯನ್ನು ಎರಡೆರಡು ಸಲ ಹೇಳಿಸಿಕೊಂಡಳು. "ಅದು ಉಳಿಯೋದಿಲ್ಲ ಅಂದಿದ್ರು ಪಪ್ಪಾ. ಅದರಮ್ಮ ಉಳಿಸ್ಕೊಂಡ್ಲು."

ಲೋಕನಾಥರು ಬಗ್ಗಿ ಕುಳ್ಳಿಯ ತಲೆ ಸವರಿದರು. ಬೆನ್ನಿನ ನೋವು ಮರೆತೇ ಹೋಯಿತು.

ಮನೆಗೆ ಬಂದಾಗ ಯುದ್ಧ ಗೆದ್ದು ಬಂದವರಿಗೆ ಸಿಗುವಂಥ ಸ್ವಾಗತ ಸಿಕ್ಕಿತು. ಐದು ಕಿಲೋ ಇಳಿದ ಸುದ್ದಿ ಕೇಳಿ ನಳಿನಾಕ್ಷಿಯ ಕಣ್ಣೇ ತುಂಬಿತು. "ಇವತ್ತೊಂದಿನ ಇರ್ಲಿ" ಎಂದು ಹೆಸರುಬೇಳೆ ಪಾಯಸ ಮಾಡಿ ತಟ್ಟೆಯ ಪಕ್ಕ ಇಟ್ಟರು. ಲೋಕನಾಥರು ಚಮಚ ಎತ್ತುವಾಗ ಸ್ವರ್ಣಲತಾ ಒಬ್ಬರೇ ಮಶೀನು ಒಯ್ಯಲು ಬಂದರು, ಸುದ್ದಿ ಕೇಳಿ ಬಾಯಿ ಮೇಲೆ ಕೈಯಿಟ್ಟುಕೊಂಡರು.

"ಅಯ್ಯ ಅಣ್ಣಾರ! ಇದು ಐದು ಕಿಲೋ ಕಡಿಮಿ ತೋರಸ್ತದರೀ. ತೂಕಾ ಹೆಚ್ಚಾತಂತ ನಮ್ಮನಿಯವ್ರು ಊಟಾ ಬಿಟ್ಟು ಮಾರಿ ಸಣ್ಣದು ಮಾಡ್ಕೊಂಡು ಕುಂದರ್ತಿದ್ರು. ಅದಕ್ಕ ನಾನೇ ಕೆಳಗಿನ ತಿರುಪು ತಿರುವಿಟ್ಟೀನಿ. ಅವರಿಗೆ ಮಾತ್ರ ಹೇಳಬ್ಯಾಡ್ರಿ!"

ದಿಶಾಳ ಮುಖ ಬಿಳುಚಿತು. ಇಡೀ ದಿನದ ಕೆಲಸ! ಅವಳು ತುಟಿಯಲ್ಲೇ ಲೆಕ್ಕ ಹಾಕಿದಳು, ಆಮೇಲೆ ನಕ್ಕುಬಿಟ್ಟಳು. "ಮರಿ ಎತ್ತಿದಾಗ್ಲೂ ಐದು ಕಮ್ಮಿ, ಪಪ್ಪಾ ಒಬ್ರೇ ನಿಂತಾಗ್ಲೂ ಐದು ಕಮ್ಮಿ. ಒಂದರಿಂದ ಒಂದು ಕಳೆದ್ರೆ ತಪ್ಪೇ ಇಲ್ಲ. ಮರಿಗಳ ತೂಕ ಬಿಲ್ಕುಲ್ ಸರಿ!"

"ದೇವರು ದೊಡ್ಡವ" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಉಸಿರುಬಿಟ್ಟವರು ಲೋಕನಾಥರು.

"ಮರಿಗಳದ್ದು ಸರಿ" ಎಂದರು ನಳಿನಾಕ್ಷಿ ನಿಧಾನವಾಗಿ. "ನಿಮ್ಮದು?"

ಪಾಯಸದ ಬಟ್ಟಲು ತಾನಾಗಿಯೇ ನಡೆದಂತೆ ದಿಶಾಳ ಕಡೆಗೆ ಹೋಯಿತು. ಅವಳು ಒಂದು ಚಮಚ ತಿಂದು ಅಪ್ಪನ ಮುಖ ನೋಡಿ ಕನಿಕರಪಟ್ಟಳು.

"ಮಮ್ಮಿ, ಮುಂದಿನ ತಿಂಗಳ ತೂಕಕ್ಕೂ ಪಪ್ಪಾನೇ ಹೋಗ್ಲಿ. ಎಷ್ಟು ಚಂದ ಮಾಡಿದ್ದಾರೆ!"

ಲೋಕನಾಥರ ಕಣ್ಣಲ್ಲಿ ಶೇಂಗಾ ಹೋಳಿಗೆ ಮಿಂಚಿತು. ಆಸೆಯಿಂದ ಹೆಂಡತಿಯತ್ತ ನೋಡಿದರು.

"ಹೋಗ್ಲಿ, ಖಂಡಿತ ಹೋಗ್ಲಿ" ಎಂದರು ನಳಿನಾಕ್ಷಿ. "ಬುತ್ತಿ ನಾನು ಕಟ್ಟಿಕೊಡ್ತೇನೆ."