ಮ್ಯಾಚಿಂಗ್ ಸೆಂಟರಿನ ಕುದುರೆ

ಮದುವೆಯಾಗಿ ಇಷ್ಟು ವರ್ಷವಾದರೂ ಪರಮೇಶಪ್ಪ ಹೆಂಡತಿಯ ಸೀರೆಯ ಕಡೆ ಕಣ್ಣೆತ್ತಿ ನೋಡಿದವನಲ್ಲ. ರಾಣೇಬೆನ್ನೂರಿನ ಪೇಟೆಯಲ್ಲಿ ಅವನದು ಮ್ಯಾಚಿಂಗ್ ಸೆಂಟರ್. ಊರ ಹೆಂಗಸರ ಸೀರೆಗೆಲ್ಲ ಹೊಂದುವ ರವಿಕೆ ಬಟ್ಟೆಯನ್ನು ಕಣ್ಣಳತೆಯಲ್ಲೇ ಎಳೆದುಕೊಡುವ ಗಂಡಸು. ಮನೆಯಲ್ಲಿ ಪುಷ್ಪಲತಾ, "ಈ ಸೀರಿ ನನಗ ಹೆಂಗ ಕಾಣಸ್ತೈತ್ರಿ?" ಎಂದು ಕೇಳಿದರೆ, "ಸೀರಿ ಕಂಡಂಗ ಕಾಣಸ್ತೈತಿ" ಎಂದು ಊಟದ ತಟ್ಟೆಗೆ ಬಗ್ಗುತ್ತಿದ್ದ. ಅಂಥವನು ಈಗ ಜೇಬಿನಲ್ಲಿ ಕುದುರೆಯ ಬಾಲದ ಕೂದಲು ಇಟ್ಟುಕೊಂಡು ತಿರುಗುತ್ತಿದ್ದ. (ದಾರದ ಉಂಡೆಗೆ ಹಿಡಿದು ಬಣ್ಣ ನೋಡುವುದಕ್ಕೆ. ಬೇರೆ ಅರ್ಥ ಮಾಡಿಕೊಳ್ಳಬೇಡಿ.)

ಕುದುರೆ ಬಂದದ್ದೂ ಅವನ ತಲೆಯಿಂದಲೇ. ಮದುವೆ ಮನೆಯವರು ಹೇಗಿದ್ದರೂ ರವಿಕೆ ಬಟ್ಟೆಗೆ ನಮ್ಮ ಅಂಗಡಿಗೆ ಬರುತ್ತಾರೆ, ಮದುಮಗನ ಮೆರವಣಿಗೆಗೆ ಕುದುರೆಯನ್ನೂ ಇಲ್ಲಿಂದಲೇ ಒಯ್ಯಲಿ ಎಂಬ ಮಹಾಯೋಜನೆ. ಎಮ್ಮೆ ಮಾರಿ ಖಾಲಿ ಬಿದ್ದಿದ್ದ ಹಿತ್ತಲಿನ ಕೊಟ್ಟಿಗೆಗೆ ಒಂದು ದಿನ ಹೆಣ್ಣು ಕುದುರೆ ಬಂದು ನಿಂತಿತು. ಪುಷ್ಪಲತಾ ಗಂಡನೊಡನೆ ಮಾತು ಬಿಟ್ಟಳು. ಆದರೆ ಕುದುರೆಗೆ ಮೊಟ್ಟಮೊದಲ ಕರೆ ಬಂದದ್ದು ಹಾವೇರಿಯ ಅವಳ ತವರುಮನೆಯಿಂದಲೇ. ಅಣ್ಣ ಶಶಿಕಾಂತನ ಮಗ ಪ್ರೇಮಕುಮಾರನ ಮದುವೆ. ಅಲ್ಲಿಗೆ ಸಿಟ್ಟು ಇಳಿದು ಚಿಂತೆ ಏರಿತು.

ಯಾಕೆಂದರೆ ಅಣ್ಣನ ಹೆಂಡತಿ ಭುವನಾ ಸಾಮಾನ್ಯದ ಹೆಂಗಸಲ್ಲ. "ನಮ್ಮ ಪುಷ್ಪಾನ ಗಂಡ ರವಿಕಿ ತುಂಡ ಮಾರ್ತಾರ" ಎಂದು ನಾಲ್ಕು ಜನರೆದುರು ಹೇಳುವಾಗ 'ತುಂಡ' ಎಂಬುದನ್ನು ಕತ್ತರಿ ಆಡಿಸಿದ ಹಾಗೆ ನುಡಿಯುವವಳು. ತವರಿನ ಯಾವ ಕಾರ್ಯದಲ್ಲೂ ಅವಳು ನಾದಿನಿಯ ಒಂದು ವಸ್ತುವನ್ನೂ ಮೆಚ್ಚಿದ್ದಿಲ್ಲ. ಈ ಸಲ ಕುದುರೆಯನ್ನು ನೋಡಿಯಾದರೂ ವೈನಿಯ ಬಾಯಿಂದ ಒಂದು ಒಳ್ಳೆಯ ಮಾತು ಬೀಳಬೇಕು. ಪುಷ್ಪಲತಾ ಸೋಮವಾರದ ಪೂಜೆಯಲ್ಲಿ ಮೈಲಾರಲಿಂಗನ ಮುಂದೆ ಕೈಮುಗಿದು ಬೇಡಿದ್ದು ಅದೊಂದನ್ನೇ. (ದೇವರಿಗೆ ಇದಕ್ಕಿಂತ ದೊಡ್ಡ ಕೆಲಸಗಳಿರುತ್ತವೆ ಎಂದು ಅವಳಿಗೂ ಗೊತ್ತಿತ್ತು. ಆದರೂ.)

ಜೀನು, ಲಗಾಮು, ಬೆನ್ನ ಮೇಲೆ ಹೊದಿಸುವ ಝೂಲ, ಎಲ್ಲವೂ ಕುದುರೆಯ ಮೈಬಣ್ಣಕ್ಕೆ ಹೊಂದಬೇಕಲ್ಲ? ಆದರೆ ಆ ಮೈಬಣ್ಣ ಯಾವುದೆಂಬುದೇ ಮನೆಯಲ್ಲಿ ಇತ್ಯರ್ಥವಾಗಲಿಲ್ಲ. ಪರಮೇಶಪ್ಪ ಅದನ್ನು ಕಾಫಿ ಬ್ರೌನ್ ಎಂದ. ಅವನ ತಾಯಿ ಶೇಖವ್ವ ಹುರಿದ ಶೇಂಗಾ ಎಂದಳು. ಪುಷ್ಪಲತಾಳ ಕಣ್ಣಿಗೆ ಅದು ಹಳೇ ಬೆಲ್ಲ.

"ಮೆಣಸಿನಕಾಯಿ ಕೆಂಪು ಹಾಕೂಣು" ಎಂದ ಪರಮೇಶಪ್ಪ, ಬಟ್ಟೆಯ ತುಂಡನ್ನು ಕುದುರೆಯ ಬೆನ್ನಿಗೆ ಹಿಡಿದು. "ಬ್ಯಾಡಗಿ ಮಾರ್ಕೆಟ್ಟಿನ್ಯಾಗ ರಾಶಿ ಹಾಕಿರ್ತಾರಲ್ಲ, ಹಂಗ ಮಿಂಚಬೇಕು."

"ಬೆಲ್ಲದ ಮ್ಯಾಲ ಖಾರಪುಡಿ ಉದರಿಸಿದಂಗ ಕಾಣಸ್ತೈತ್ರಿ."

"ಹಂಗಾರ ಹಳದಿ?"

ಪುಷ್ಪಲತಾ ಕೆನ್ನೆ ಕೆನ್ನೆ ಬಡಿದುಕೊಂಡಳು. "ಮೈಲಾರಲಿಂಗನ ಭಂಡಾರದ ಬಣ್ಣಾ ಒಯ್ದು ನಮ್ಮ ಪ್ರೇಮನ ಕುಂಡಿ ಕೆಳಗ ಹಾಸ್ತೀರೇನ್ರಿ? ಮುಂದ ದೇವರಗುಡ್ಡಕ್ಕ ಹೋಗಿ ಯಾವ ಮಾರಿ ತೋರಸ್ತೀರಿ?"

"ಬಿಳೇದು?"

"ತೊಳಿಯೋರು ಯಾರು? ನೀವೇನು?"

ಪರಮೇಶಪ್ಪ ಉಸಿರೆಳೆದು ರಾಣಿ ಕಲರಿನ ತುಂಡು ತೆಗೆದು ಕುದುರೆಯ ಕೊರಳಿಗೆ ಹಿಡಿದ. ಕುದುರೆ ಶಾಂತವಾಗಿ ಕತ್ತು ಹೊರಳಿಸಿ ಅದನ್ನು ಬಾಯಿಗೆ ಹಾಕಿಕೊಂಡಿತು.

"ನೋಡು, ಆಕಿಗೆ ರಾಣಿ ಕಲರ್ ಸೇರೇತಿ!"

"ಸೇರಿ ತಿನ್ನಾಕತ್ತಿಲ್ಲ, ಹಸದ ತಿನ್ನಾಕತ್ತೈತಿ. ಮೊದಲ ಹೊಟ್ಟು ಹಾಕ್ರಿ."

ಕಟ್ಟೆಯ ಮೇಲಿಂದ ಶೇಖವ್ವ, "ನನ್ನ ಲಗ್ನದಾಗ ನನಗೂ ಯಾರೂ ಇಷ್ಟ ಆರಿಸಿದ್ದಿಲ್ಲವಾ" ಎಂದು ನಿಟ್ಟುಸಿರು ಬಿಟ್ಟಳು.

ಜೀನು, ಝೂಲ ಎಂದು ಕುದುರೆಯ ಸಾಜೆಲ್ಲ ಹೊಲಿಯುವ ಕುಲ್ಸುಮಬಿ ಇದ್ದದ್ದು ಬ್ಯಾಡಗಿಯಲ್ಲಿ. ಪುಷ್ಪಲತಾ ಬಸ್ಸು ಹಿಡಿದು ಹೋದಳು. ಕುಲ್ಸುಮಬಿ ಮಿಷನ್ ನಿಲ್ಲಿಸಿ ಕನ್ನಡಕ ಮೇಲೇರಿಸಿದಳು.

"ನೋಡ್ರಿ ಅಕ್ಕಾರ, ನಿನ್ನೆ ಅಣ್ಣಾರು ಫೋನ್ ಮಾಡಿ ಕೆಂಪ ಅಂದ್ರು. ಮುಂಜಾನೆ ನಿಮ್ಮ ಅತ್ತಿಯವರು ಮಾಡಿ ಹಸರ ಅಂದ್ರು. ಈಗ ನೀವು ಬಂದು ಎರಡೂ ಬ್ಯಾಡ ಅಂತೀರಿ. ಕುದುರಿ ಒಂದ ಐತೋ, ಮೂರ ಅದಾವೋ?"

"ಕುದುರಿ ಒಂದ ರೀ. ಮಾಲಕರು ಮೂರ ಮಂದಿ."

"ಹಂಗಾರ ಕುದುರೀನ್ನ ಕೇಳ್ಕೊಂಡ ಬರ್ರಿ. ಅದರ ಮಾತಿಗೆ ನಾ ಕತ್ತರಿ ಹಾಕ್ತೇನಿ."

ಬರಿಗೈಲಿ ಮನೆಗೆ ಬಂದ ಪುಷ್ಪಲತಾ, ಸಿಟ್ಟನ್ನೆಲ್ಲ ಅಡುಗೆಗೆ ಹಾಕೋಣವೆಂದು ಎಣಗಾಯಿಗೆ ಬದನೆಕಾಯಿ ಸೀಳಲು ಕುಳಿತಳು. ಒಂದು ಕಾಯಿ ಉರುಳಿಹೋಗಿ ಬೆಲ್ಲದ ಹೆಂಟೆಗೆ ತಾಗಿ ನಿಂತಿತು. ತೆಗೆಯಲು ಕೈಚಾಚಿದವಳು ಕೈಯನ್ನು ಅಲ್ಲೇ ನಿಲ್ಲಿಸಿದಳು. ಬೆಲ್ಲದ ಪಕ್ಕದಲ್ಲಿ ಬದನೆಕಾಯಿ ಬಣ್ಣ ಎಷ್ಟು ಚಂದ! ಅದರ ತೊಟ್ಟಿನ ಹಸಿರೇ ಅಂಚಾದರೆ? ಅವಳು ಎದ್ದು ದೇವರಿಗೆ ಒಂದು ದೀಪ ಹಚ್ಚಿ, ಆಮೇಲೆ ಕುಲ್ಸುಮಬಿಗೆ ಫೋನು ಹಚ್ಚಿದಳು. ಎಣಗಾಯಿ ಆ ದಿನ ಆಗಲಿಲ್ಲ.

ಸಾಜು ಹೊಲಿದು ಬಂದು, ಕುದುರೆಯ ಮೈಮೇಲೆ ಏರಿದಾಗ ಪರಮೇಶಪ್ಪ ಸುತ್ತು ಹಾಕಿ ಸುತ್ತು ಹಾಕಿ ನೋಡಿದ. ಕಡೆಗೆ, "ಅಂಗಡ್ಯಾಗ ನೀನ ಕುಂದರಬೇಕಿತ್ತು ನೋಡು" ಎಂದ. ಅಷ್ಟು ವರ್ಷಗಳ ಸಂಸಾರದಲ್ಲಿ ಅವನು ಹೆಂಡತಿಯ ಕಣ್ಣಿಗೆ ಕೊಟ್ಟ ಮೊದಲ ಬಿರುದು. ಪುಷ್ಪಲತಾ ಉಬ್ಬಿಹೋದಳು.

"ಇದರ ಮುಂದ ಯಾವ ಬಣ್ಣಾನೂ ಇಲ್ಲ ಬಿಡ್ರಿ" ಎಂದಳು. ಆಮೇಲೆ ನೆನಪಾಯಿತು: "ಅಯ್ಯ, ಕುದುರಿ ಗದ್ಲದಾಗ ನಾ ಒಂದ ಸೀರೀನೂ ತಗೊಂಡಿಲ್ಲಲ್ರಿ!"

"ನಿನ್ನ ಸೀರಿ ನನಗ ಬಿಡು. ಈ ಸಲ ನಾನ ಆರಸ್ತೇನಿ."

ಆ ಮಾತಿಗೆ ಪುಷ್ಪಲತಾಳ ಕಣ್ಣು ಹನಿಗೂಡಿತು. (ಎಚ್ಚರ ಇರಬೇಕಾದ ಹೊತ್ತಿಗೇ ಹೆಂಗಸರ ಕಣ್ಣು ಹೀಗೆ ಮಂಜಾಗುತ್ತದೆ.)

ಸೀರೆಯ ಗಂಟು ಅವಳ ಕೈಸೇರಿದ್ದು ಮದುವೆಯ ಮುಂಜಾನೆ, ಹಾವೇರಿಯ ತವರುಮನೆಯಲ್ಲಿ. ಇದ್ದ ಕೋಣೆಗಳಲ್ಲೆಲ್ಲ ಬೀಗರ ಹೆಣ್ಣುಮಕ್ಕಳು ತುಂಬಿದ್ದರು. ಕಾಳಿನ ಚೀಲಗಳಿದ್ದ ಕತ್ತಲೆ ಕೋಣೆಯಲ್ಲಿ, ಹೊರಗೆ ಬ್ಯಾಂಡು ಶುರುವಾಗಿ ಮನೆಯವರು "ಲಗೂ ಬಾ, ಲಗೂ ಬಾ" ಎಂದು ಕೂಗುತ್ತಿರುವಾಗ, ಅವಳು ಸೀರೆಯನ್ನು ಸುತ್ತಿಕೊಂಡಳು. ಕೈಗೆ ಮೆತ್ತಗೆ ಹತ್ತಿತು, ನೆರಿಗೆ ಹೇಳಿದ ಹಾಗೆ ಕೇಳಿತು. ಛಲೋ ಆರಿಸ್ಯಾರ ಎಂದುಕೊಂಡು ಹೊರಗೆ ಓಡಿದಳು.

ಮನೆಯ ಮುಂದಿನ ಬಿಸಿಲಿನಲ್ಲಿ ಕುದುರೆ ನಿಂತಿತ್ತು. ಜನ ಬಾಯಿ ತೆರೆದು ನೋಡುತ್ತಿದ್ದರು. ಪುಷ್ಪಲತಾ ಸೆರಗು ಸರಿಮಾಡಿಕೊಂಡು, ಬಿಗುಮಾನದಿಂದ ಹೋಗಿ ಅದರ ಪಕ್ಕದಲ್ಲಿ ನಿಂತಳು. ಹೆಣ್ಣಿನ ಕಡೆಯ ಹಿರಿಯರೊಬ್ಬರು ಧಾವಿಸಿ ಬಂದರು.

"ಕುದುರಿಯವ್ವಾರ, ಸ್ವಲ್ಪ ಹಿಂದ ಸರಿಸಿ ಹಿಡೀರಿ. ಹುಡುಗ ಹತ್ತಬೇಕು."

"ನಾನು? ನಾ ಹುಡುಗನ ಸ್ವಾದರತ್ತಿರಿ!"

"ಹೌದಾ? ತಪ್ಪ ತಿಳೀಬ್ಯಾಡ್ರಿ ತಂಗಿ. ಇಬ್ಬರದೂ ಒಂದ ಯೂನಿಫಾರಂ ಇತ್ತಲ್ಲ, ಅದಕ್ಕ ಅಂದೆ."

ಪುಷ್ಪಲತಾ ಬಗ್ಗಿ ನೋಡಿಕೊಂಡಳು. ಬದನೆಕಾಯಿ ಬಣ್ಣದ ಒಡಲು. ತೊಟ್ಟಿನ ಹಸಿರು ಅಂಚು. ತಲೆಯೆತ್ತಿ ನೋಡಿದಳು. ಬದನೆಕಾಯಿ ಬಣ್ಣದ ಝೂಲ. ತೊಟ್ಟಿನ ಹಸಿರು ಅಂಚು. ಕುದುರೆಯೂ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಂಧುಗಳನ್ನು ಕಂಡಂತೆ ಕೆನೆಯಿತು.

ಪರಮೇಶಪ್ಪ ಜನರ ನಡುವೆ ದಾರಿ ಮಾಡಿಕೊಂಡು ಬಂದ. ಮುಖ ಬೆಳಗುತ್ತಿತ್ತು.

"ಏನ ಮಾಡೀರಿ ಇದು?" ಎಂದಳು ಹಲ್ಲು ಕಚ್ಚಿ.

"ಮ್ಯಾಚಿಂಗ್! ಈ ಬಣ್ಣದ ಮುಂದ ಯಾವುದೂ ಇಲ್ಲಂತ ನೀನ ಅಂದಿದ್ದೆಲ್ಲ? ಸಿಗವಲ್ದಾಗಿತ್ತು. ಹುಬ್ಬಳ್ಳಿಯಿಂದ ತರಿಸೇನಿ. ಝೂಲದ ಎಳಿ ಹಿಡದ ನೋಡೇನಿ, ಚೂರೂ ಫರಕಿಲ್ಲ!"

"ಅದ ತಪ್ಪಾಗೇತ್ರೀ! ಫರಕ ಇರಬೇಕಿತ್ತು!"

"ಯಾಕ?" ಎಂದ ಪರಮೇಶಪ್ಪ. ಅವನಿಗೆ ನಿಜವಾಗಿಯೂ ತಿಳಿಯಲಿಲ್ಲ. ಫರಕು ಇರಲಿ ಎಂದು ಬೇಡಿದ ಹೆಂಗಸನ್ನು ಅವನು ತನ್ನ ಅಂಗಡಿಯಲ್ಲಿ ಒಬ್ಬಳನ್ನೂ ಕಂಡಿರಲಿಲ್ಲ.

ಅಷ್ಟರಲ್ಲಿ ಆರತಿ ತಟ್ಟೆ ಹಿಡಿದು ಭುವನಾ ಹೊಸ್ತಿಲಿಗೆ ಬಂದಳು. ಕುದುರೆಯನ್ನು ನೋಡಿದಳು. ನಾದಿನಿಯನ್ನು ನೋಡಿದಳು. ಮತ್ತೆ ಕುದುರೆಯನ್ನು ನೋಡಿದಳು. ಪುಷ್ಪಲತಾ ಮನಸ್ಸಿನಲ್ಲೇ ಮೈಲಾರಲಿಂಗನನ್ನು ನೆನೆದಳು. ಭುವನಾಳ ಮುಖ ಎಂದೂ ಇಲ್ಲದ ಹಾಗೆ ಅರಳಿತು.

"ಖರೇ ಹೇಳ್ತೇನಿ ಪುಷ್ಪಾ," ಎಂದಳು ಎಲ್ಲರಿಗೂ ಕೇಳುವಂತೆ. "ಬಣ್ಣ ಭಾಳ ಛಂದ ಒಪ್ಪೇತಿ. ಕುದುರಿಗೆ."