ಮಾವನಿಗೆ ಒಪ್ಪುವ ಮರ

ನನ್ನ ಸೋದರಮಾವ ಎಪ್ಪತ್ತನಾಲ್ಕು ದಾಟಿಯೂ ಬದುಕಿರುವುದಕ್ಕೆ ಕಾರಣ ಅವರ ಗಟ್ಟಿ ಶರೀರವೂ ಅಲ್ಲ, ಅತ್ತೆಯ ಉಪ್ಪಿಲ್ಲದ ಸಾರೂ ಅಲ್ಲ. ಸಾಯಲಿಕ್ಕೆ ಅವರಿಗೆ ಇನ್ನೂ ಒಪ್ಪುವ ಮರ ಸಿಕ್ಕಿಲ್ಲ, ಅಷ್ಟೆ!

ನಗಬೇಡಿ. ನಮ್ಮ ಕಡೆ ಮನೆಯ ಹಿರಿಯರೊಬ್ಬರು ತೀರಿಕೊಂಡರೆ ಒಳಗೆ ಅಳು ಶುರುವಾಗುವ ಹೊತ್ತಿಗೆ ನೆರೆಕರೆಯವರು ಅಂಗಳದಲ್ಲಿ ಕೊಡಲಿ ಹಿಡಿದು ನಿಂತಿರುತ್ತಾರೆ. ಅವರ ಮೊದಲ ಪ್ರಶ್ನೆ, "ಯಾವ ಮಾವಿನ ಮರ?" ಚಿತೆಗೆ ಮನೆಯ ಜಾಗದ್ದೇ ಮಾವು ಆಗಬೇಕು. ಆ ಗಡಿಬಿಡಿಯಲ್ಲಿ ಯಾರೋ ಒಬ್ಬರು ಯಾವುದೋ ಒಂದರ ಕಡೆ ಕೈ ತೋರಿಸುತ್ತಾರೆ. ಅರ್ಧ ಗಂಟೆಯಲ್ಲಿ ಅದು ನೆಲದ ಮೇಲೆ.

ಮಾವನ ಅಣ್ಣ, ನಮ್ಮ ದೊಡ್ಡಮಾವ, ತೀರಿಕೊಂಡಾಗ ಹಾಗೆ ಕೈ ತೋರಿಸಿದ್ದು ಈ ಮಾವನೇ. ಬಿದ್ದದ್ದು ಅತ್ತೆ ವರ್ಷವೂ ಉಪ್ಪಿನಕಾಯಿಗೆ ಮಿಡಿ ಕೊಯ್ಯುತ್ತಿದ್ದ ಮರ! ಅತ್ತೆ ಹನ್ನೆರಡು ದಿನ ಅತ್ತರು. ಬಂದವರೆಲ್ಲ, "ಭಾವನ ಮೇಲೆ ಎಂಥ ಗೌರವ ನೋಡಿ" ಎಂದು ಕಣ್ಣೊರೆಸಿಕೊಂಡರು. ಹದಿಮೂರನೆಯ ದಿನದ ಊಟದಲ್ಲಿ ಎಲೆಯ ತುದಿಗೆ ಉಪ್ಪಿನಕಾಯಿ ಬಡಿಸುವಾಗ ಅತ್ತೆ, "ಇದು ಕೊನೇ ಭರಣಿ" ಎಂದು ಮತ್ತೆ ಬಿಕ್ಕಿದಾಗಲೇ ಕಣ್ಣೀರಿನ ವಿಳಾಸ ಎಲ್ಲರಿಗೂ ತಿಳಿದದ್ದು. ಅಂದೇ ಮಾವ ಘೋಷಿಸಿದರು: "ನನ್ನ ಮರ ನಾನೇ ನೋಡಿ ಇಡ್ತೇನೆ."

ಇದು ನಡೆದು ಹತ್ತು ವರ್ಷವಾಯಿತು. ಮಾವ ನೋಡುತ್ತಲೇ ಇದ್ದಾರೆ. ಇಷ್ಟು ದಿನ ನಮಗೆಲ್ಲ ಇದೊಂದು ತಮಾಷೆಯಾಗಿತ್ತು. ಆದರೆ ನಾಳೆ ಸೋಮವಾರ ಅವರನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಬೇಕು; ಬುಧವಾರ ಎದೆ ತೆರೆಯುತ್ತಾರಂತೆ. ಮಾವನಿಗೆ ಗಂಡುಮಕ್ಕಳಿಲ್ಲ. ಅಳಿಯ ಎಂದಿರುವುದು ನಾನೊಬ್ಬ. ಏನಾದರೂ ಹೆಚ್ಚು ಕಡಿಮೆಯಾದರೆ ಅಂಗಳದಲ್ಲಿ ನಿಂತು ಕೈ ತೋರಿಸಬೇಕಾದವನು ನಾನು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ವೇಣೂರಿನವರೆಗೆ ಬಂದು ವಾಪಸು ಮೂಡಬಿದಿರೆಯ ನನ್ನ ಮನೆಗೆ ಹೋಗಿ ನೋಡುವ ಮನುಷ್ಯ ನಾನು. ನನ್ನ ಕೈಗೆ ಇಂಥ ಕೆಲಸ!

ಅಳದಂಗಡಿಯಿಂದ ಒಳಗೆ ಮಾವನ ಮನೆ. ಮನೆಯ ಹಿಂದೆ ಮೂರೂವರೆ ಎಕರೆ ಕಾಡು. ಮೂರು ಕಡೆಯಿಂದಲೂ ಅಕ್ಕಪಕ್ಕದವರ ರಬ್ಬರ್. ಯೂನಿಫಾರ್ಮ್ ಹಾಕಿ ಅಸೆಂಬ್ಲಿಗೆ ನಿಂತ ಮಕ್ಕಳ ಹಾಗೆ ಸಾಲು ಸಾಲು. ನಡುವೆ ನಮ್ಮದು, ಟೀಚರ್ ಬಾರದ ಕ್ಲಾಸಿನ ಹಾಗೆ. ಹೆಬ್ಬಲಸಿನ ಹೆಗಲ ಮೇಲೆ ಬಳ್ಳಿ, ಬಳ್ಳಿಯ ಮೇಲೆ ಇರುವೆ, ಇರುವೆಯ ಕೆಳಗೆ ನಾನು. ಆ ಕಾಡಿಗೆ ಹೋಗುವಾಗ ನನ್ನ ಜೇಬಿನಲ್ಲಿ ರಕ್ತ ಹೀರುವ ಉಂಬಳಕ್ಕೆ ಉಪ್ಪು, ಉಣ್ಣಿಗೆ ಬೇವಿನೆಣ್ಣೆ, ಬಿಪಿಯ ಮಾತ್ರೆ, ಹಗಲಾದರೂ ಒಂದು ಟಾರ್ಚ್ ಇರುತ್ತವೆ. ಮಾವನ ಕೈಯಲ್ಲಿ ಒಂದು ಕೊಡೆ, ಅಷ್ಟೆ.

ಅಲ್ಲಿ ತಾವಾಗಿ ಹುಟ್ಟಿ ಬೆಳೆದ ಹನ್ನೊಂದು ಕಾಟುಮಾವಿನ ಮರಗಳಿವೆ. ಹನ್ನೊಂದರಲ್ಲಿ ಒಂದು ಸಿಗುವುದಿಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ.

"ತೋಡಿನ ಬದಿಯದ್ದು?"

"ಅದರ ಬೇರು ಬಿಟ್ರೆ ತೋಡಿನ ನೀರು ನಮ್ಮ ಗದ್ದೆಗೆ ನುಗ್ತದೆ."

"ಆಚೆ ದೊಡ್ಡದು?"

"ಅದರ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿಯ ಬಾಣಂತಿ ಉಂಟು. ಬಾಗಿಲು ಮೆತ್ತಿ ಒಳಗೆ ಕೂತಿದೆ."

ಎರಡು ತಿಂಗಳು ಕಾದೆ. ಬಾಣಂತಿ ಮಕ್ಕಳೊಂದಿಗೆ ಹಾರಿಹೋಯಿತು. ನಾನು ಉತ್ಸಾಹದಿಂದ ನೆನಪಿಸಿದೆ. ಮಾವ ನನ್ನನ್ನು ಕಟುಕನನ್ನು ನೋಡುವಂತೆ ನೋಡಿದರು. "ಬರುವ ವರ್ಷ ಬಂದು ಮನೆ ಎಲ್ಲಿ ಅಂತ ಕೇಳಿದ್ರೆ ನೀನು ಹೇಳ್ತೀಯಾ?"

ಇನ್ನೊಂದು ಮರವಿದೆ. ಅದರ ಹಣ್ಣು ಎಷ್ಟು ಹುಳಿಯೆಂದರೆ ಮಂಗಗಳೂ ಒಂದು ಕಚ್ಚಿ ನಮ್ಮ ಮೇಲೇ ಎಸೆಯುತ್ತವೆ. ಜೇನಿಲ್ಲ, ಗೂಡಿಲ್ಲ, ನೆರಳೂ ಅಷ್ಟಕ್ಕಷ್ಟೆ. "ಇದು ಆಗಬಹುದಲ್ಲ ಮಾವ?" ಎಂದೆ. ಮಾವ ಮರಕ್ಕೆ ಕೇಳಬಾರದೆಂದು ನನ್ನನ್ನು ನಾಲ್ಕು ಹೆಜ್ಜೆ ದೂರ ಎಳೆದುಕೊಂಡು ಹೋದರು. "ಅದಕ್ಕೆ ಹೇಳುವವರು ಕೇಳುವವರು ಯಾರೂ ಇಲ್ಲ ಅಂತ ಅದನ್ನೇ ಕಡಿಯುವುದಾ? ಪಾಪದವರ ಮೇಲೆ ಜೋರು ಮಾಡಿ ಸತ್ತ ಅಂತ ನನಗೆ ಹೆಸರು ಬರ್ಬೇಕಾ ಮಾರಾಯ?"

ಅತ್ತೆಗೆ ಇದೆಲ್ಲ ರೂಢಿಯಾಗಿದೆ. ಚಾ ತಣಿದು ಕೆನೆ ಕಟ್ಟಿದರೂ ಮಾವ ಕಾಡಿನಿಂದ ಇಳಿಯದಾಗ ಜಗಲಿಯಲ್ಲಿ ನಿಂತು ನನಗೆ ಕೇಳುವಂತೆ ಹೇಳುತ್ತಾರೆ, "ಹೆಣ್ಣು ನೋಡ್ಲಿಕ್ಕೂ ಇವರು ಇಷ್ಟು ತಿರುಗ್ಲಿಲ್ಲ. ನನ್ನನ್ನು ಒಂದೇ ಸಲ ನೋಡಿ ಒಪ್ಪಿದ್ದು."

ಕಾಡಿನೊಳಗಿಂದ ಉತ್ತರ ಬರುತ್ತದೆ, "ಅದಕ್ಕೇ ಈಗ ಹುಷಾರು!"

ಮಾವನ ಕಿವಿ ಆಪರೇಶನ್ನಿಗೆ ಬಂದಿಲ್ಲ ಎಂಬುದಂತೂ ಖಂಡಿತ.

ಒಮ್ಮೆ ಪುಂಜಾಲಕಟ್ಟೆಯ ಮರದ ವ್ಯಾಪಾರಿಯನ್ನು ಕರೆಸಿದರು. ವಯಸ್ಸಾದ ಬ್ಯಾರಿ ಮುಸಲ್ಮಾನರು, ನಾವೆಲ್ಲ ಕಾಕ ಎಂದು ಕರೆಯುವುದು. ಮರ ನೋಡಿದರೆ ಸಾಕು, ಎಷ್ಟು ಅಡಿ ಹಲಗೆ ಎಂದು ಹೇಳುವ ಮನುಷ್ಯ. ಮಾವ ಅವರನ್ನು ಹನ್ನೊಂದು ಮರಗಳ ಸುತ್ತ ತಿರುಗಿಸಿ, ಕೊನೆಗೆ ಎದೆ ಉಬ್ಬಿಸಿ ನಿಂತು ಕೇಳಿದರು, "ನನ್ನ ತೂಕಕ್ಕೆ ಎಷ್ಟು ತೋರದ್ದು ಬೇಕಾದೀತು ಕಾಕ? ಅರುವತ್ತೆರಡು ಕಿಲೋ ಇದ್ದೇನೆ."

ಕಾಕ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಬಾಗಿಲಿಗೆ ಕೇಳಿ ಹೇಳ್ತೇನೆ, ಮಂಚಕ್ಕೆ ಕೇಳಿ ಹೇಳ್ತೇನೆ. ಮನುಷ್ಯನ ಅಳತೆಗೆ ಮರ ಹೇಳಿ ನನಗೆ ಗೊತ್ತಿಲ್ಲ ಮಾರಾಯ್ರೆ. ನಮಗಾದ್ರೆ ಆರಡಿ ಮಣ್ಣು ಸಾಕು."

ಮಾವ ಆ ಮುದುಕನನ್ನು ಅಸೂಯೆಯಿಂದ ನೋಡಿ, "ನಿಮಗೆ ಸುಖ" ಎಂದರು.

ಮರ ಕಡಿಮೆ ಸಾಕಾಗುವ ಹೊಸ ಮಾದರಿಯ ಚಿತಾಗಾರವೊಂದು ಮೂಡಬಿದಿರೆಯ ಹತ್ತಿರ ಇದೆ ಎಂದು ನಾನೇ ಸುದ್ದಿ ಕೊಟ್ಟೆ. ಕೊಡಬಾರದಿತ್ತು! ಮರುದಿನವೇ ಮಾವ ಬಸ್ ಹತ್ತಿ ಬಂದರು. ಆಫೀಸಿಗೆ ರಜೆ ಹಾಕಿ ಕರೆದುಕೊಂಡು ಹೋದೆ. ಅಲ್ಲಿನ ಕಾವಲುಗಾರ ಗುಡಿಸುತ್ತಿದ್ದವನು ಪೊರಕೆ ಬದಿಗಿಟ್ಟು, ಮುಖದಲ್ಲಿ ಬೇಕಾದಷ್ಟೇ ದುಃಖ ತಂದುಕೊಂಡು ಕೇಳಿದ, "ಯಾರು ಹೋದದ್ದು?"

"ನಾನು" ಎಂದರು ಮಾವ.

ಅವನು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

"ಯಾವಾಗ ತರುವುದು?"

"ನಿಶ್ಚಯ ಆಗ್ಲಿಲ್ಲ. ನೋಡಿ ಹೋಗುವ ಅಂತ ಬಂದದ್ದು."

ಅವನು ಪಾಪ, ಎಲ್ಲವನ್ನೂ ವಿವರಿಸಿ ತೋರಿಸಿದ. ಮಾವ ಹೆಣ ಇಡುವ ಕಬ್ಬಿಣದ ತೊಟ್ಟಿಲಿನೊಳಗೆ ತಲೆ ಹಾಕಿ ನೋಡಿದರು, ತಟ್ಟಿ ನೋಡಿದರು. ಬದಿಯಲ್ಲಿ ಅಟ್ಟಿಯಿಟ್ಟ ಕಟ್ಟಿಗೆಯ ಎದುರು ನಿಂತು, "ಇದು ಎಲ್ಲಿಯ ಮರ?" ಎಂದು ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ಲಾರಿಯಲ್ಲಿ ಬರುತ್ತದೆ ಎಂದ. ವಾಪಸು ಬರುವ ಬಸ್ಸಿನಲ್ಲಿ ಮಾವ ತೀರ್ಪು ಕೊಟ್ಟರು, "ಎಲ್ಲ ಸರಿ ಉಂಟು. ಆದ್ರೆ ಗುರ್ತ ಪರಿಚಯ ಇಲ್ಲದ ಮರದೊಟ್ಟಿಗೆ ನಾನು ಹೇಗೆ ಹೋಗುವುದು?" ಮುಂದಿನ ಸೀಟಿನ ಹೆಂಗಸು ಎದ್ದು ಬೇರೆ ಸೀಟಿಗೆ ಹೋದರು.

ಇಷ್ಟಾದ ಮೇಲೆ ನನ್ನ ನಿದ್ರೆ ಕೆಟ್ಟಿತು. ಮಳೆಗಾಲದಲ್ಲಿ ಹೋದರೆ ಹಸಿಮರಕ್ಕೆ ಬೆಂಕಿ ಹತ್ತುವುದು ಹೇಗೆ? ಗಡಿಬಿಡಿಯಲ್ಲಿ ನಾನು ಮಂಗಟ್ಟೆಯ ಮರವನ್ನೇ ತೋರಿಸಿಬಿಟ್ಟರೆ? ಯೋಚಿಸಿ ಯೋಚಿಸಿ ಒಂದು ಉಪಾಯ ಹೂಡಿದೆ. ಕಳೆದ ತಿಂಗಳು ಮಾವ ಬೆಳ್ತಂಗಡಿಗೆ ಹೋದ ದಿನ ಒಬ್ಬನೇ ಕಾಡಿಗೆ ಹತ್ತಿ, ಇದ್ದುದರಲ್ಲಿ ಆದೀತು ಅನ್ನಿಸಿದ ಎರಡು ಮರಗಳಿಗೆ ಕೆಂಪು ಪೇಂಟಿನಲ್ಲಿ ಒಂದು, ಎರಡು ಎಂದು ಬರೆದು ಇಳಿದೆ. ಮೊದಲ ಆಯ್ಕೆ, ಎರಡನೆಯ ಆಯ್ಕೆ. ಆ ರಾತ್ರಿ ಚೆನ್ನಾಗಿ ನಿದ್ರೆ ಬಂತು.

ಮೂರು ದಿನ ಬಿಟ್ಟು ಅತ್ತೆಯ ಫೋನು. "ನಿನ್ನ ಮಾವ ಊಟಕ್ಕೂ ಬರುವುದಿಲ್ಲ ಮಾರಾಯ. ಕಾಡಿಗೆ ಮರಕಳ್ಳರು ನಂಬ್ರ ಹಾಕಿ ಹೋಗಿದ್ದಾರಂತೆ. ಕೊಡೆ ಹಿಡ್ಕೊಂಡು ಕಾವಲು ಕೂತಿದ್ದಾರೆ."

ಹೋಗಿ ಒಪ್ಪಿಕೊಂಡೆ. ಮಾವ ಬೈಯಲಿಲ್ಲ; ಬೈದಿದ್ದರೆ ಒಳ್ಳೆಯದಿತ್ತು. ಮರದ ಮೇಲಿನ ಅಂಕೆಯ ಮೇಲೆ ಕೈಯಿಟ್ಟು, "ನೀನು ಮಲಗಿರುವಾಗ ಯಾರಾದ್ರೂ ಬಂದು ನಿನ್ನ ಹಣೆಗೆ ನಂಬ್ರ ಬರೆದು ಹೋದ್ರೆ ನಿನಗೆ ಹೇಗಾದೀತು?" ಎಂದರು. ಒಂದಿಡೀ ಭಾನುವಾರ ಸೀಮೆಎಣ್ಣೆ ಬಟ್ಟೆ ಹಿಡಿದು ಎರಡು ಮರಗಳ ಹಣೆ ಉಜ್ಜಿದೆ. ಎರಡನೆಯ ಆಯ್ಕೆಯ ಮೇಲಿಂದ ಕೆಂಪಿರುವೆಗಳೂ ತಮ್ಮ ಅಭಿಪ್ರಾಯ ತಿಳಿಸಿದವು.

ಹೀಗೆ ಇವತ್ತಿನ ಭಾನುವಾರ ಬಂತು. ಆಸ್ಪತ್ರೆಗೆ ಬೇಕಾದ್ದನ್ನೆಲ್ಲ ಅತ್ತೆ ಚೀಲಕ್ಕೆ ತುಂಬುತ್ತಿದ್ದರು. ಡಾಕ್ಟರು ಏರು ಹತ್ತಬಾರದು ಎಂದಿದ್ದರೂ ಮಾವ ಬೆಳಿಗ್ಗೆಯೇ ಕೊಡೆ ಹಿಡಿದು ಹೊರಟರು. ನಾನು ಹಿಂದೆ. ನಾಲ್ಕು ಹೆಜ್ಜೆಗೊಮ್ಮೆ ಅವರು ನಿಲ್ಲುತ್ತಿದ್ದರು. ನಿಂತದ್ದು ಏದುಸಿರಿಗೆ ಎಂದು ನನಗೆ ಗೊತ್ತಾಗಬಾರದೆಂದು ಪ್ರತಿ ಸಲವೂ ಯಾವುದಾದರೊಂದು ಹಕ್ಕಿಯನ್ನು ತೋರಿಸುತ್ತಿದ್ದರು. ಕೆಲವು ಸಲ ಅಲ್ಲಿ ಹಕ್ಕಿ ಇರಲೇ ಇಲ್ಲ. ನಾನು, "ಹೌದು, ಚಂದ ಉಂಟು" ಎನ್ನುತ್ತಿದ್ದೆ.

ಇವತ್ತಾದರೂ ಒಂದು ಮರ ಹೇಳುತ್ತಾರೆ ಎಂದುಕೊಂಡಿದ್ದೆ. ಮಾವ ಹನ್ನೊಂದನ್ನೂ ದಾಟಿ, ರಬ್ಬರಿನ ಬೇಲಿಯ ಹತ್ತಿರ ಬಿಸಿಲು ಬೀಳುವ ಜಾಗಕ್ಕೆ ಕರೆದುಕೊಂಡು ಹೋದರು. ಸುತ್ತ ಬಿದಿರಿನ ಮುಳ್ಳು ಕಟ್ಟಿದ ಒಂದು ಗಿಡ. ಮೊಣಕಾಲೆತ್ತರ. ಕಿರುಬೆರಳಿನಷ್ಟು ತೋರ.

"ಇದು ನಿನ್ನದು" ಎಂದರು.

ನಾನು ಜೇಬಿನ ಬಿಪಿ ಮಾತ್ರೆಗೆ ಕೈ ಹಾಕಿದೆ. "ಯಾಕೆ? ನನಗೆಂತ ಆಗಿದೆ? ನನ್ನ ರಿಪೋರ್ಟಲ್ಲಿ ಏನಾದ್ರೂ ಉಂಟು ಅಂತ ಡಾಕ್ಟರು ನಿಮ್ಮತ್ರ ಹೇಳಿದ್ರಾ?"

"ನಿನಗೆ ಎಂತ ಆಗ್ಲಿಕ್ಕೂ ಇಲ್ಲ. ದಿನಾ ಸಾಯ್ತೇನೆ ಸಾಯ್ತೇನೆ ಅಂತ ಹೆದರ್ತಾ ಇರ್ತೀಯಲ್ಲ, ನೋಡಿ ನೋಡಿ ಸಾಕಾಗಿ ನೆಟ್ಟದ್ದು. ಇದು ತೋರ ಆಗ್ಲಿಕ್ಕೆ ನಲ್ವತ್ತು ವರ್ಷ ಬೇಕು. ಅಲ್ಲಿವರೆಗೆ ನೀನು ಹೊರಡುವ ಹಾಗಿಲ್ಲ. ಆ ಬಿಪಿ ಮೆಶಿನು ಒಳಗಿಟ್ಟು ವರ್ಷಕ್ಕೊಮ್ಮೆ ಬಂದು ಇದರ ಸುತ್ತಳತೆ ನೋಡು."

ನನ್ನ ಐವತ್ತೆರಡಕ್ಕೆ ನಲವತ್ತು ಸೇರಿಸಿ ನೋಡಿದೆ. ನನಗೆ ಅಷ್ಟೊಂದು ವರ್ಷಗಳನ್ನು ಈವರೆಗೆ ಯಾವ ಡಾಕ್ಟರೂ ಬರೆದುಕೊಟ್ಟಿರಲಿಲ್ಲ.

ಮಾವ ಒಂದು ಮುರಕಲ್ಲಿನ ಮೇಲೆ ಕುಳಿತರು. ಕಾಡಿನಲ್ಲಿ ಅವರು ಕುಳಿತದ್ದನ್ನು ನಾನು ನೋಡಿದ್ದೇ ಇಲ್ಲ. ಅಂಗಿಯ ಮೇಲಿನಿಂದ ಎದೆಯನ್ನು ಮೆಲ್ಲಗೆ ಉಜ್ಜಿಕೊಂಡರು.

"ನನ್ನಿಂದ ಆಗುವುದಿಲ್ಲ ಮಾರಾಯ. ಹತ್ತು ವರ್ಷ ನೋಡಿದೆ. ನನ್ನದು ಇನ್ನು ನೀನೇ ಹೇಳು. ಯಾವುದು ಹೇಳಿದ್ರೂ ನಾನು ಬೇಡ ಹೇಳುವುದಿಲ್ಲ. ಇವತ್ತೇ ಹೇಳು."

ನಾನು ಮರಗಳ ಕಡೆ ಹೊರಟೆ. ತೋಡಿನ ಬದಿಯದ್ದು, ಪೊಟರೆಯದ್ದು, ಹುಳಿಯದ್ದು, ಹಣೆಯಲ್ಲಿ ಇನ್ನೂ ಸ್ವಲ್ಪ ಕೆಂಪು ಉಳಿದವು ಎರಡು, ಒಂದೊಂದರ ಬುಡಕ್ಕೂ ಹೋಗಿ ನಿಂತೆ. ತಲೆಯೆತ್ತಿ ನೋಡಿದೆ. ಸುತ್ತು ಬಂದೆ. ಬೂಟಿನೊಳಗೆ ಉಂಬಳ ಹತ್ತಿದ್ದು ಗೊತ್ತಾಯಿತು. ಇರಲಿ ಎಂದು ಬಿಟ್ಟೆ. ಹನ್ನೊಂದನ್ನೂ ನೋಡಿ ವಾಪಸು ಬಂದಾಗ ಮಾವ ಎರಡೂ ಕೈಗಳನ್ನು ಕೊಡೆಯ ಹಿಡಿಯ ಮೇಲಿಟ್ಟು, ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ನನ್ನನ್ನೇ ನೋಡುತ್ತಿದ್ದರು.

"ಯಾವುದು?"

"ಒಂದೂ ಆಗುವುದಿಲ್ಲ ಮಾವ," ಎಂದೆ. "ಸರಿ ನೋಡಿದೆ. ನಿಮಗೆ ಒಪ್ಪುವಂಥದ್ದು ಇದರಲ್ಲಿ ಒಂದೂ ಇಲ್ಲ. ನೀವು ಆಪರೇಶನ್ ಮುಗಿಸಿ ಬನ್ನಿ. ಇಬ್ರೂ ಒಟ್ಟಿಗೆ ಇನ್ನೊಮ್ಮೆ ಹುಡುಕುವ."